ಚನ್ನಬಸಮ್ಮನ ಪಾಸು

“ಲೇ ಮುದ್ಕಿ, ಎಬ್ಬೆಟ್ಟು ಒತ್ಬುಟ್ಟು ಓಗ್ತಾ ಇರು. ಮನೇಲಿ ಬಿದ್ಕಂಡಿದ್ದು ಈಗ ಪೆನ್ಸನ್ ಬೇಕಂತೆ ಮುಂಡೇಗೆ!”

ನಂಜನಗೂಡಿನ ಫ್ಯಾಕ್ಟರಿ ಗೇಟಿನ ಪಕ್ಕದ ಶೆಡ್ಡಿನಲ್ಲಿ ಕಂಟ್ರಾಕ್ಟರನ ಸೂಪರ್‌ವೈಸರ್ ನಂಜೇಶ ಅರಚುತ್ತಿದ್ದ. ಚಿಕ್ಕಮಾದಮ್ಮ ದೊಡ್ಡವ್ವ ಮಸಿ ಹಚ್ಚಿದ ಹೆಬ್ಬೆಟ್ಟನ್ನು ಅವನ ಕಾಗದಕ್ಕೆ ಒತ್ತದೆ ಹಾಗೇ ಎತ್ತಿ ಹಿಡಿದು ನಿಂತಿದ್ದಳು. ದೇವನೂರಿನಿಂದ ಒಂದೇ ಬಸ್ಸಿಗೆ ಬಂದು ನಾವಿಬ್ಬರೂ ಹನ್ನೊಂದು ವರ್ಷ ಈ ಫ್ಯಾಕ್ಟರಿ ಗುಡಿಸಿದ್ದೆವು. ಅವಳಿಗೆ ಐವತ್ತೆಂಟು ತುಂಬಿತೆಂದು ಬಿಡಿಸಿದ್ದರು. ಹತ್ತು ವರ್ಷ ಪಿಎಫ್ ಕಟ್ಟಿದ್ದರೆ ಸಾಯುವ ತನಕ ಪೆನ್ಷನ್. ದೊಡ್ಡವ್ವನಿಗೆ ಹತ್ತು ತಿಂಗಳು ಕಮ್ಮಿ ಬಿದ್ದಿತ್ತು.

ಬೆರಳು ಇಳಿಯದ್ದು ನೋಡಿ ನಂಜೇಶ ಮೆತ್ತಗಾದ. ಕುರ್ಚಿ ಎಳೆದು ಅವಳನ್ನು ಕೂರಿಸಿದ, ಟೀ ತರಿಸಿದ. ಇಷ್ಟು ವರ್ಷ ಆ ಕುರ್ಚಿಯನ್ನು ನಾವು ಒರೆಸಿದ್ದೆವೇ ಹೊರತು ಕೂತವರಲ್ಲ. ನನಗೆ ಆಗಲೇ ಅನುಮಾನ ಬಂತು.

“ಒಂದೇ ಸಲಕ್ಕೆ ಕಾಸು ಬತ್ತದೆ ಕಣವ್ವ, ಒತ್ತು.”

“ಅದೇನ್ ಬರ್ದವ್ನೋ ಓದು ಕೋಮಲ,” ದೊಡ್ಡವ್ವ ನನ್ನತ್ತ ತಿರುಗಿದಳು. “ಸುಮ್ಸುಮ್ನೆ ಟೀ ಕೊಡ್ಸೋ ನನ್ಮಗ ಅಲ್ಲ ಇವ್ನು.”

ಓದಿದೆ. ‘ಪ್ರತಿ ವರ್ಷ ಎರಡು ತಿಂಗಳು ಸ್ವಂತ ಕಾರಣಕ್ಕೆ ನಾನೇ ಕೆಲಸಕ್ಕೆ ಬಂದಿರುವುದಿಲ್ಲ.’

ಮೈಯೆಲ್ಲ ಉರಿದುಹೋಯಿತು. ವರ್ಷಕ್ಕೆರಡು ತಿಂಗಳು ಹಾಜರಿ ಬುಕ್ಕಿನಿಂದ ನಮ್ಮ ಹೆಸರು ತೆಗೆದು, ಪಿಎಫ್ ಕಟ್ಟದೆ, ಬೇರೆಯವರ ಹೆಸರಿನ ಪಾಸು ಕೊಟ್ಟು, ಇವರೇ ಒಳಗೆ ಬಿಡುತ್ತಿದ್ದರು. ಕೇಳಿದರೆ ರೂಲ್ಸು ಅನ್ನುತ್ತಿದ್ದರು. ಈ ತಿಂಗಳು ನನ್ನ ಕೊರಳಲ್ಲೂ ಯಾರೋ ದಿವ್ಯಳ ಪಾಸು ನೇತಾಡುತ್ತಿತ್ತು. ಈಗ ಒಂದು ಹೆಬ್ಬೆಟ್ಟು ಬಿದ್ದರೆ ಕಂಟ್ರಾಕ್ಟರನ ಕಳ್ಳತನವೆಲ್ಲ ದೊಡ್ಡವ್ವನ ಸೋಮಾರಿತನವಾಗಿಬಿಡುತ್ತಿತ್ತು. ಪೆನ್ಷನ್ನಿನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಒಂದು ಹಳೇ ಪಾಸು ತೋರಿಸಿದಳು. ಫೋಟೋ ಇವಳದು, ಹೆಸರು ಚನ್ನಬಸಮ್ಮನದು. ಮೊದಲು ಇಲ್ಲೇ ಗುಡಿಸುತ್ತಿದ್ದ ಚನ್ನಬಸಮ್ಮ ನಾವು ಸೇರಿದ ವರ್ಷವೇ ಸತ್ತಿದ್ದಳು.

“ಇದು ಕಳ್ದೋಯ್ತು ಅಂದಿದ್ಯಲ್ಲ?” ನಂಜೇಶ ಕೈ ಚಾಚಿದ.

“ಅಂದಿದ್ದೆ. ನಿಮ್ಮನ್ನ ನಂಬ್ಕಂಡು ವಾಪಸ್ ಕೊಡಕ್ಕಾಯ್ತದಾ? ನಾನ್ ಮನೇಲಿ ಬಿದ್ಕಂಡಿದ್ರೆ ನಿಮ್ ಕಕ್ಕಸು ತೊಳ್ದೋರ್ ಯಾರ್ಲಾ? ಗುಣಿಯಿಂದ ಎದ್ದು ಚನ್ನಬಸಮ್ಮ ಬಂದಿದ್ಲಾ?”

ಪಾಸನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ಹೆಬ್ಬೆಟ್ಟಿನ ಮಸಿಯನ್ನು ಅವನ ಕುರ್ಚಿಗೇ ಒರೆಸಿ ಎದ್ದಳು. “ಪಿಎಫ್ ಆಫೀಸಿಗೆ ಓಯ್ತೀನಿ. ಬತ್ತೀಯಾ ಕೂಸೇ?”

ನಂಜೇಶ ಬಾಗಿಲಿಗೆ ಅಡ್ಡ ನಿಂತ. “ಲೇ ಕೋಮಲ, ಕೊರಳಲ್ಲಿರೋ ಪಾಸು ಕೊಡೆ ಇಲ್ಲಿ. ಇಲ್ದಿದ್ರೆ ನಾಳಿಂದ ನಿಂಗೂ ಕೆಲ್ಸ ಇರಕಿಲ್ಲ.”

ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೂ ಪಾಸನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

“ಕೋಮಲ ಮನೇಲಿ ಬಿದ್ಕಂಡವ್ಳೆ ಸಾ, ನಿಮ್ ಬುಕ್ಕಲ್ಲೇ ನೋಡ್ಕಳಿ. ನಾನು ದಿವ್ಯ.”