ಮೂವತ್ತೊಂದು ಉಸಿರು

ಪತ್ರಕರ್ತರನ್ನು ತಯಾರು ಮಾಡುವ ಆ ಕಥೋಲಿಕ ಕಾಲೇಜಿನಲ್ಲಿ ಅವಳಿಗೆ ಕತ್ತರಿ ಅಂತಲೇ ಹೆಸರು. ಯಾರ ಸಂದರ್ಶನ ಕೊಟ್ಟರೂ ಬೇಡದ್ದನ್ನು ಕತ್ತರಿಸಿ ರೇಡಿಯೋಗೆ ಹೊಂದಿಸುವುದರಲ್ಲಿ ಎತ್ತಿದ ಕೈ. ಧ್ವನಿ ಸಂಕಲನ ಕಲಿಸುವ ಸಿಸ್ಟರ್ ಮಾತ್ರ ಮೊದಲ ದಿನವೇ ಎಚ್ಚರಿಸಿದ್ದರು: "ತೊದಲು ತೆಗೀರಿ, ಕೆಮ್ಮು ತೆಗೀರಿ. ಉಸಿರು ಮುಟ್ಟಬೇಡಿ."

"ಮುಟ್ಟಿದ್ರೆ ಏನಾಗುತ್ತೆ ಸಿಸ್ಟರ್?" ಎಂದು ಅವಳು ಕೇಳಿದ್ದಳು.

"ಧ್ವನಿ ಉಳಿಯುತ್ತೆ, ಮನುಷ್ಯ ಹೋಗ್ತಾನೆ ತಾಯಿ."

ತರಗತಿಯೆಲ್ಲ ಗೊಳ್ಳೆಂದು ನಕ್ಕಿತ್ತು.

ಪರೀಕ್ಷೆಗೆ ಅವಳ ಪಾಲಿಗೆ ಬಂದದ್ದು ಪ್ರಾಂಶುಪಾಲ ಫಾದರ್ ಅವರ ಸಂದರ್ಶನ. ಮೂರು ನಿಮಿಷಕ್ಕಿಂತ ಒಂದು ಸೆಕೆಂಡು ಹೆಚ್ಚಾದರೂ ಫೇಲು. ಎಷ್ಟು ಹೆಣಗಿದರೂ ನಲವತ್ತು ಸೆಕೆಂಡು ಹೆಚ್ಚಿಗೆ ಉಳಿದೇಬಿಟ್ಟಿತು. ಫಾದರ್‌ಗೋ ಸಾಲಿಗೊಮ್ಮೆ ಆರಾಮಾಗಿ ಉಸಿರೆಳೆದುಕೊಳ್ಳುವ ಅಭ್ಯಾಸ. ಒಪ್ಪಿಸಬೇಕಾದ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತಿರ ಬರುತ್ತಿತ್ತು. ಅವಳು ಅತ್ತಿತ್ತ ನೋಡಿ ಆ ಉಸಿರುಗಳನ್ನೆಲ್ಲ ಕಿತ್ತು ಹಾಕಿದಳು. ಮೂವತ್ತೊಂದು. ಗುಟ್ಟು ರಟ್ಟಾಗದಿರಲೆಂದು ಮೂಲ ರೆಕಾರ್ಡಿಂಗನ್ನೂ ಅಳಿಸಿದಳು.

ಒಪ್ಪಿಸಿ ಹೊರಬಂದರೆ ಆಫೀಸಿನ ಅಕ್ಕ ಓಡಿ ಬರುತ್ತಿದ್ದಳು. "ಫಾದರ್‌ಗೆ ಏನೋ ಆಗಿದೆ ಕಣೇ! ಮಾತು ನಿಲ್ಲಿಸ್ತಾನೇ ಇಲ್ಲ!"

ಫಾದರ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಮಾತು ಮಾತ್ರ ಎಡೆಬಿಡದೆ ಹರಿಯುತ್ತಿತ್ತು. ಅವಳು ಉಳಿಸಿದ್ದ ಸಾಲುಗಳೇ, ಅವಳು ಜೋಡಿಸಿದ ಕ್ರಮದಲ್ಲೇ. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಎದೆ ಒಮ್ಮೆಯೂ ಏರಲಿಲ್ಲ. ಕಣ್ಣು ಮಾತ್ರ ಅವಳನ್ನೇ ಬೇಡುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಸಿಸ್ಟರ್ ಕೇಳಿದ್ದು ಒಂದೇ ಮಾತು. "ಉಸಿರು ಎಲ್ಲಿಟ್ಟಿದ್ದೀಯ?"

"ಅಳಿಸಿಬಿಟ್ಟೆ ಸಿಸ್ಟರ್."

"ಹಾಗಾದ್ರೆ ನಿನ್ನದು ಕೊಡು."

ಅವಳು ಸ್ಟುಡಿಯೋಗೆ ಓಡಿ, ಮೈಕಿನ ಮುಂದೆ ಮೂವತ್ತೊಂದು ಸಲ ಉಸಿರೆಳೆದುಕೊಂಡಳು. ನೆಗಡಿಯಾಗಿತ್ತು, ಪ್ರತಿ ಉಸಿರಿನ ಕೊನೆಗೂ ಸಣ್ಣದೊಂದು ಶಿಳ್ಳೆ. ಒಂದೊಂದನ್ನೇ ಸಾಲುಗಳ ನಡುವೆ ಸೇರಿಸಿದಳು. ಕೊನೆಯದು ಕೂತ ಗಳಿಗೆಗೆ ಗೋಡೆಯಾಚೆ ಫಾದರ್ ಮಾತು ನಿಂತಿತು.

ಅವಳು ಹೋಗಿ ನೋಡಿದಾಗ ಫಾದರ್ ಬೆವರು ಒರೆಸಿಕೊಳ್ಳುತ್ತಿದ್ದರು. ತುಟಿಗೆ ಬಣ್ಣ ಬಂದಿತ್ತು. ಉಸಿರೆಳೆದಾಗಲೆಲ್ಲ ಅವರ ಮೂಗಿನಲ್ಲಿ ಸಣ್ಣ ಶಿಳ್ಳೆ.

"ಮೂರು ನಿಮಿಷ ನಲವತ್ತು ಸೆಕೆಂಡು," ಎಂದರು ಸಿಸ್ಟರ್, ಅವಳ ತಲೆ ನೇವರಿಸುತ್ತ. "ಫೇಲು."

"ಹೋಗ್ಲಿ ಬಿಡಿ ಸಿಸ್ಟರ್," ಎಂದು ಅವಳು ಅಳುತ್ತಲೇ ನಕ್ಕಳು.

ಅಕ್ಕ ನೀರು ತಂದುಕೊಟ್ಟಳು. ಫಾದರ್ ಲೋಟ ಎತ್ತಿ, ಉಸಿರು ಬಿಗಿಹಿಡಿದು ಗಟಗಟನೆ ಕುಡಿದರು. ಬಾಗಿಲಲ್ಲಿ ನಿಂತಿದ್ದವಳ ಎದೆ ಗಕ್ಕನೆ ಕಟ್ಟಿತು. ಬಾಯಿ ತೆರೆದರೂ ಗಾಳಿ ಒಳಗೆ ಹೋಗಲೊಲ್ಲದು. ಗೋಡೆ ಹಿಡಿದುಕೊಂಡಳು. ಲೋಟ ಮೇಜಿನ ಮೇಲೆ ಟಕ್ಕೆಂದು ಕೂತಾಗಲೇ ಉಸಿರು ಮರಳಿದ್ದು.

"ತುಂಬಾ ಬಾಯಾರಿಕೆ," ಎಂದು ಫಾದರ್ ಲೋಟ ಮುಂದೆ ಹಿಡಿದರು. "ಇನ್ನೊಂದು ಲೋಟ ಕೊಡಮ್ಮ."