ಪುಸ್ತಕದಲ್ಲಿ ಒಳ್ಳೆಯವಳು

ವಾಷಿಂಗ್ಟನ್ನಿನಲ್ಲಿ ರಾಜಕೀಯದ ಪುಸ್ತಕವನ್ನು ಯಾರೂ ಮುಂದಿನಿಂದ ಓದುವುದಿಲ್ಲ. ಹಿಂದಿನಿಂದ ತೆಗೆಯುತ್ತಾರೆ. ಕೊನೆಯ ಪುಟಗಳಲ್ಲಿ ಅಕಾರಾದಿಯಾಗಿ ಹೆಸರುಗಳಿರುತ್ತವಲ್ಲ, ಅಲ್ಲಿ ಮೊದಲು ತಮ್ಮ ಹೆಸರು ಹುಡುಕುತ್ತಾರೆ, ಆಮೇಲೆ ತಮಗಾಗದವರದ್ದು. ನಡೀನ್ ಪ್ರೂಟ್ ಕೂಡ ಅಂಗಡಿಯಲ್ಲಿ ನಿಂತೇ ತನ್ನ ಹೆಸರಿನ ಪುಟ ತೆಗೆದಳು. ಓದುತ್ತಾ ಓದುತ್ತಾ ಮೈಯೆಲ್ಲ ಉರಿದುಹೋಯಿತು.

ಬರೆದವನು ಡ್ರೂ ಕೆಸ್ಲರ್, ದಿನಾ ಸಂಜೆ ಟಿವಿಯಲ್ಲಿ ಕೂತು ಹುಬ್ಬು ಕುಣಿಸುವ ಪತ್ರಕರ್ತ. ಸೆನೆಟರ್ ಹಾರ್ಲನ್ ಬೀಚಮ್ ಅಧ್ಯಕ್ಷ ಚುನಾವಣೆಯಿಂದ ಹಿಂದೆ ಸರಿದ ಬೆಳಿಗ್ಗೆ ಅಯೋವಾದ ಹೋಟೆಲ್ ಕೋಣೆಯಲ್ಲಿ ಏನೇನಾಯಿತೆಂದು, ತಾನೇ ಮಂಚದ ಕೆಳಗೆ ಅಡಗಿದ್ದವನ ಹಾಗೆ ಬರೆದಿದ್ದ. ಸೆನೆಟರ್ ಕುಡಿದು ಗ್ಲಾಸು ಎಸೆದರಂತೆ. 'ಕೊರಿನ್‌ನ ಕಟ್ಟಿಕೊಂಡೇ ನಾನು ಕೆಟ್ಟೆ, ಅವಳ ಮುಖ ನೋಡಿ ಯಾರು ಓಟು ಹಾಕ್ತಾರೆ' ಎಂದು ಹೆಂಡತಿಯನ್ನು ಬೈದರಂತೆ. ಸಹಾಯಕ ಟಾಡ್ ಮೆರಿಕ್ ಮೂಲೆಯಲ್ಲಿ ಕೂತು ಗೋಳೋ ಎಂದು ಅತ್ತನಂತೆ. ಕಚೇರಿಯ ಮುಖ್ಯಸ್ಥೆ ನಡೀನ್ ಒಬ್ಬಳೇ ಎದ್ದು ನಿಂತು 'ನಾಚಿಕೆಯಾಗಬೇಕು ನಿಮಗೆ' ಅಂದಳಂತೆ.

ಶುದ್ಧ ಬೊಗಳೆ. ಅವತ್ತು ಅಲ್ಲಿ ಕಾಫಿ ಬಿಟ್ಟರೆ ಕುಡಿಯಲು ಇನ್ನೇನೂ ಇರಲಿಲ್ಲ. ಡಾಕ್ಟರರ ಫೋನ್ ಬಂದಿತ್ತು. ಸೆನೆಟರರ ಹಳೆಯ ಗೆಳೆಯನಾದ ಅವನು, ಕೊರಿನ್‌ಗೆ ಕ್ಯಾನ್ಸರ್ ಎಂಬುದನ್ನು ಕೊರಿನ್‌ಗಿಂತ ಮೊದಲೇ ಗಂಡನಿಗೆ ಹೇಳಿಬಿಟ್ಟಿದ್ದ. ಸೆನೆಟರ್ ಬೂಟು ಬಿಚ್ಚಿ ಮಂಚದ ಮೇಲೆ ಕೂತು, "ನಾನು ಮನೆಗೆ ಹೋಗ್ತೀನಿ. ದುಡ್ಡು ಸಾಲದೆ ಬಂತು ಅಂತ ಹೇಳಿ. ಅವಳಿಗೋಸ್ಕರ ಬಿಟ್ಟೆ ಅಂತ ಗೊತ್ತಾದ್ರೆ ಬದುಕಿರೋವರೆಗೂ ಕೊರಗ್ತಾಳೆ. ನೀವಿಬ್ರೂ ಮಾತು ಕೊಡಿ" ಎಂದಿದ್ದರು. ನಡೀನ್, ಟಾಡ್ ಇಬ್ಬರೂ ಕೊಟ್ಟರು. ಕೊರಿನ್ ಗುಣವಾದರು. ವರ್ಷಗಳು ಕಳೆದು, ಹೋದ ಚಳಿಗಾಲದಲ್ಲಿ ಸೆನೆಟರ್ ತೀರಿಕೊಂಡರು. ಅವರು ಹೋದ ಮೇಲೆಯೇ ಈ ಪುಸ್ತಕ ಬಂತು. ಸತ್ತವರು ಎದ್ದು ಬಂದು ಮಾನನಷ್ಟದ ಕೇಸು ಹಾಕುವುದಿಲ್ಲವಲ್ಲ.

ಮರುದಿನ ಕೊರಿನ್ ಅವರೇ ಫೋನ್ ಮಾಡಿದರು.

"ಓದಿದೆ ಕಣೇ. ಎಲ್ಲರ ಮುಖಕ್ಕೂ ಕೆಸರು, ನೀನೊಬ್ಬಳು ಮಾತ್ರ ದೇವತೆ. ಈ ಊರಲ್ಲೇ ನನ್ನ ತಲೆ ಬೆಳ್ಳಗಾಗಿದೆ ನಡೀನ್. ಇಂಥ ಪುಸ್ತಕದಲ್ಲಿ ಯಾರು ಒಳ್ಳೆಯವರಾಗಿ ಬರ್ತಾರೋ ಅವರೇ ಬಾಯಿಬಿಟ್ಟಿರೋದು ಅಂತ ನಂಗೊತ್ತಿಲ್ವಾ?"

"ಕೊರಿನ್, ನಾನು ಅವನ ಫೋನೂ ಎತ್ತಿಲ್ಲ."

"ಶನಿವಾರ ಚರ್ಚಲ್ಲಿ ಅವರ ನೆನಪಿನ ಸಭೇಲಿ ನೀನು ಮಾತಾಡೋದು ಬೇಡ. ಟಾಡ್ ಮಾತಾಡ್ತಾನೆ. ಪಾಪ, ಅವನ ಮಾನಾನೂ ಹರಾಜು ಹಾಕಿದೀರಿ."

ಇಪ್ಪತ್ತು ವರ್ಷ ಆ ಮನೆಯ ಅನ್ನ ತಿಂದವಳು ನಡೀನ್. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವಳಿಗೆ ಇನ್ನೊಂದು ಮನೆ ಇರಲಿಲ್ಲ. ಕೋಟು ಸಿಕ್ಕಿಸಿಕೊಂಡು ನೇರವಾಗಿ ಕೆಸ್ಲರ್ ಸಹಿ ಹಾಕುತ್ತಿದ್ದ ಪುಸ್ತಕದಂಗಡಿಗೆ ಹೋಗಿ ಸಾಲಿನಲ್ಲಿ ನಿಂತಳು.

"ಯಾರ ಹೆಸರಿಗೆ ಬರೀಲಿ ಮೇಡಂ?" ಎಂದ, ತಲೆಯೆತ್ತದೆ.

"ನಡೀನ್ ಪ್ರೂಟ್."

ಪೆನ್ನು ನಿಂತಿತು. ಆಮೇಲೆ ಹಲ್ಲು ಕಾಣಿಸಿತು. "ಓಹೋ, ನೀವಾ. ನಿಮ್ಮನ್ನ ಎಷ್ಟು ಚೆನ್ನಾಗಿ ತೋರಿಸಿದೀನಿ ನೋಡಿದ್ರಾ? ನೀವು ಫೋನ್ ಎತ್ತದೇ ಇದ್ರೂ ನಾನು ಮನಸ್ಸಲ್ಲಿಟ್ಕೊಳ್ಳಲಿಲ್ಲ."

"ಎತ್ತಲಿಲ್ಲ ಅನ್ನೋದನ್ನ ಪುಸ್ತಕದಲ್ಲಿ ಯಾಕ್ರೀ ಬರೀಲಿಲ್ಲ?"

"ಯಾರು ಮಾತಾಡಿದ್ರು, ಯಾರು ಆಡ್ಲಿಲ್ಲ, ಎರಡನ್ನೂ ಹೇಳಲ್ಲ. ಅದು ನಮ್ಮ ವೃತ್ತಿಧರ್ಮ."

ವೃತ್ತಿಧರ್ಮವಂತೆ. ಸತ್ತವನ ಬಾಯಿಗೆ ಹೊಲಸು ತುರುಕುವಾಗ ಎಲ್ಲಿ ಹೋಗಿತ್ತೋ ಅದು.

"ಆ ಕೋಣೇಲಿ ಇದ್ದಿದ್ದು ಮೂರೇ ಜನ," ಅಂದಳು ನಡೀನ್. "ಒಬ್ಬರು ಮಣ್ಣಾಗಿದಾರೆ. ಒಬ್ಬಳು ನಿಮ್ಮೆದುರಿಗೆ ನಿಂತಿದೀನಿ. ಉಳಿದವನು ಟಾಡ್. ಅವನ ಮೇಲೆ ಅನುಮಾನ ಬರಬಾರದು ಅಂತ ಅವನನ್ನ ಅಳುಮುಂಜಿ ಮಾಡಿದ್ರಿ, ನನ್ನನ್ನ ದೇವತೆ ಮಾಡಿದ್ರಿ. ಹೌದೋ ಅಲ್ವೋ?"

ಕೆಸ್ಲರ್ ಪೆನ್ನಿಗೆ ಕ್ಯಾಪು ಹಾಕಿದ. "ಹಿಂದೆ ಜನ ಕಾಯ್ತಿದಾರೆ ಮೇಡಂ."

ಅಷ್ಟರಲ್ಲಿ ಪತ್ರಿಕೆಯ ಹುಡುಗಿಯೊಬ್ಬಳು ಮೊಬೈಲನ್ನು ನಡೀನಳ ಮೂಗಿಗೇ ಹಿಡಿದಳು. "ಹಾಗಾದ್ರೆ ನೀವು ಆ ಕೋಣೇಲಿದ್ರಾ? ನಿಜವಾಗಿ ಏನಾಯ್ತು?"

"ಇದ್ದೆ. ಇವನು ಬರೆದಿದ್ದು ಪೂರ್ತಿ ಸುಳ್ಳು. ಅದಕ್ಕಿಂತ ಜಾಸ್ತಿ ಹೇಳಲ್ಲ."

ಬೆಳಗಾಗುವಷ್ಟರಲ್ಲಿ ದಪ್ಪ ಅಕ್ಷರದಲ್ಲಿ ಸುದ್ದಿ ಬಂತು: 'ಆ ಕೋಣೆಯಲ್ಲಿದ್ದೆ, ಕೊನೆಗೂ ಒಪ್ಪಿಕೊಂಡ ನಡೀನ್.' ಸುಳ್ಳು ಎಂಬ ಮಾತು ಎಲ್ಲೋ ಕೆಳಗೆ, ಜಾಹೀರಾತುಗಳನ್ನು ದಾಟಿ ಹೋದವರಿಗೆ ಮಾತ್ರ ಸಿಗುವಂತಿತ್ತು. ಸಂಜೆ ಟಿವಿಯಲ್ಲಿ ಕೆಸ್ಲರ್ ಅದೇ ಸುದ್ದಿ ತೋರಿಸಿ, ನನ್ನ ಪುಸ್ತಕಕ್ಕೆ ಪತ್ರಿಕೆಗಳೇ ಸಾಕ್ಷಿ ಎಂದ. ಪುಸ್ತಕ ನೋಡಿ ಪತ್ರಿಕೆ ಬರೆಯುವುದು, ಪತ್ರಿಕೆ ತೋರಿಸಿ ಪುಸ್ತಕ ಮಾರುವುದು. ನಡುವೆ ಒಬ್ಬನೂ ಎದ್ದು ಹೋಗಿ ನಿಜವೇನೆಂದು ವಿಚಾರಿಸಲಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ, ಚಾನೆಲ್‌ನ ಹೊಸ ರಾಜಕೀಯ ವಿಶ್ಲೇಷಕನಾಗಿ ಟಾಡ್ ಮೆರಿಕ್ ಕೂತಿದ್ದ. ಕೊಟ್ಟ ಮಾತನ್ನು ಅವನೂ ಮುರಿದಿರಲಿಲ್ಲ. ನಿಜಕ್ಕೆ ಬೆಲೆ ಬರುವುದಿಲ್ಲವೆಂದು ಸುಳ್ಳು ಮಾರಿದ್ದ, ಅಷ್ಟೇ.

ಶನಿವಾರ ನಡೀನ್ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಳು. ಟಾಡ್ ಕಣ್ಣೊರೆಸಿಕೊಳ್ಳುತ್ತಾ, ನಂಬಿದವರೇ ಸೆನೆಟರ್‌ಗೆ ದ್ರೋಹ ಮಾಡಿದರು ಎಂದ. ಕತ್ತುಗಳೆಲ್ಲ ಹಿಂದಕ್ಕೆ ತಿರುಗಿದವು. ಎದ್ದು ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು ಅವಳಿಗೆ. ಹಲ್ಲು ಕಚ್ಚಿ ಕೂತಳು.

ಸಭೆ ಮುಗಿದು ಜನ ಕಾಫಿಗೆ ಸೇರಿದಾಗ ಅವಳು ಕೊರಿನ್ ಅವರೆದುರು ಹೋಗಿ ನಿಂತಳು. ಟಾಡ್ ಪಕ್ಕದಲ್ಲೇ ಇದ್ದ.

"ಹೇಳಿದ್ದು ಇವನು ಕೊರಿನ್."

"ತನ್ನ ಮುಖಕ್ಕೆ ತಾನೇ ಮಸಿ ಬಳ್ಕೊಳ್ಳೋರು ಯಾರಿದಾರೆ?" ಅಂದರು ಕೊರಿನ್. ಆಮೇಲೆ ದನಿ ತಗ್ಗಿತು. "ಸರಿ. ನನ್ನನ್ನ ಹಾಗೆ ಬೈಲಿಲ್ಲ ಅಂತೀಯಲ್ಲ. ಮತ್ತೇನಂದ್ರು? ಯಾಕೆ ಬಿಟ್ಟು ಬಂದ್ರು? ಅದೊಂದು ಹೇಳು ನಡೀನ್, ನಾನು ನಂಬ್ತೀನಿ."

ಟಾಡ್‌ನ ಮುಖ ಬಿಳಿಚಿಕೊಂಡಿತು. ನಡೀನ್‌ಗೆ ಮಾತು ನಾಲಿಗೆಯ ತುದಿಗೇ ಬಂತು. ಒಂದೇ ಒಂದು ಮಾತು, ಈ ಹೊಲಸೆಲ್ಲ ತೊಳೆದುಹೋಗುತ್ತಿತ್ತು. ಎದುರಿಗೆ ಕೊರಿನ್, ಉದುರಿಹೋಗಿ ಮತ್ತೆ ಬೆಳೆದ ಬಿಳಿ ಕೂದಲು, ಕೈಯಲ್ಲಿ ಕಾಫಿ.

"ಮಾತು ಕೊಟ್ಟಿದೀನಿ. ಹೇಳಕ್ಕಾಗಲ್ಲ."

"ಕೆಸ್ಲರ್‌ಗೆ ಹೇಳಕ್ಕಾಯ್ತು," ಅಂದರು ಕೊರಿನ್.

ಕಪ್ಪು ಕೆಳಗಿಟ್ಟು, ಟಾಡ್‌ನ ತೋಳು ಹಿಡಿದುಕೊಂಡು ಬಾಗಿಲ ಕಡೆ ನಡೆದರು. ಅವನು ಬಾಗಿಲು ತೆರೆದು ಹಿಡಿದ. "ನೀನೊಬ್ಬನಾದ್ರೂ ಇದೀಯಲ್ಲಪ್ಪ," ಎಂದು ಅವನ ಬೆನ್ನು ಸವರಿದರು.