ಮುಂದಿನ ಎಡಚಕ್ರದ ರೋಟರ್

ನಾನು ಒಂದು ಬ್ರೇಕ್ ರೋಟರ್. ಕಾರಿನ ಚಕ್ರದ ಮಗ್ಗುಲಲ್ಲಿದ್ದು ಚಕ್ರದೊಂದಿಗೇ ತಿರುಗುವ ಎರಕದ ಕಬ್ಬಿಣದ ತಟ್ಟೆ. ಚಾಲಕರು ಪೆಡಲ್ ಒತ್ತಿದೊಡನೆ ಎರಡು ಪ್ಯಾಡ್‌ಗಳು ಇಕ್ಕೆಲಗಳಿಂದ ನನ್ನನ್ನು ಅಮುಕಿ ಹಿಡಿಯುತ್ತವೆ. ನಾನು ನಿಂತರೆ ಚಕ್ರ ನಿಲ್ಲುತ್ತದೆ; ಚಕ್ರ ನಿಂತರೆ ಕಾರು. ಓಟವನ್ನು ಹೊಗಳುವವರೆಲ್ಲ ಎಂಜಿನ್ನಿನ ಹೆಸರು ಹೇಳುತ್ತಾರೆ. ಹೇಳಲಿ. ಓಡುವ ಧೈರ್ಯ ಎಲ್ಲಿಂದ ಬರುತ್ತದೆಂಬುದು ನನಗೆ ಗೊತ್ತು.

ನನ್ನ ಹುಟ್ಟೂರು ಬೆಳಗಾವಿ. ಅಲ್ಲಿನ ಒಂದು ಫೌಂಡ್ರಿಯಲ್ಲಿ, ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದ ಒಂದು ಮಧ್ಯಾಹ್ನ ನಾನು ಆಕಾರ ಪಡೆದೆ. ತಣಿದ ಮೇಲೆ ಮರಳನ್ನು ಒಡೆದು ನನ್ನನ್ನು ಹೊರತೆಗೆದರು. ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ನಡುವೆ ಗಾಳಿಯಾಡಲು ಸಂದುಗಳನ್ನು ಬಿಟ್ಟಂಥ ದೇಹ ನನ್ನದು. ಲೇತಿನ ಮೇಲೆ ಮುಖ ನುಣುಪಾಯಿತು. ನನ್ನನ್ನು ಎತ್ತಿದ ಕೆಲಸಗಾರ ಉಸಿರು ಬಿಟ್ಟು, “ಏನ್ ವಜ್ಜಿ ಐತಿಪಾ ಇದು!” ಎಂದ. ಪಕ್ಕದವನು, “ವಜ್ಜಿ ಇದ್ರನ ಬೆಂಕಿ ತಡೀತೈತಿ. ಹಗೂರ ಇಳಸೋ,” ಎಂದ. ಲೋಕದಲ್ಲಿ ನಾನು ಕೇಳಿದ ಮೊದಲ ಮಾತು ನನ್ನ ತೂಕದ ಪ್ರಶಂಸೆ. ಅಂದಿನಿಂದ ನನಗೆ ಸ್ವಲ್ಪ ಜಂಬ.

ಆ ಜಂಬ ಉಡುಪಿಯವರೆಗೂ ಉಳಿಯಿತು. ಲ್ಯಾನ್ಸಿ ಮಸ್ಕರೇನಸ್ ಎಂಬ ಮೆಕ್ಯಾನಿಕ್ ಒಬ್ಬರ ಗ್ಯಾರೇಜಿನ ಕಪಾಟಿನಲ್ಲಿ ಇಳಿಯಿತು. ನನ್ನ ಪಕ್ಕದಲ್ಲಿ ಮೈತುಂಬ ತೂತು ಕೊರೆಸಿಕೊಂಡ ಒಂದು ಜೋಡಿ ರೋಟರ್‌ಗಳಿದ್ದವು. ಬಂದ ಗಿರಾಕಿಗಳೆಲ್ಲ ಆ ಹೊಳೆಯುವ ತೂತುಗಳಿಗೆ ಬೆರಳು ತೂರಿಸಿ ನೋಡುತ್ತಿದ್ದರು. ನನ್ನನ್ನೂ ನನ್ನೊಂದಿಗೆ ಜೋಡಿಯಾಗಿ ಬಂದ ಜೊತೆಗಾರ ರೋಟರನ್ನೂ ಯಾರೂ ಮುಟ್ಟುತ್ತಿರಲಿಲ್ಲ.

ಒಂದು ದಿನ ಅಶ್ವಿತಾ ಬಂದಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವಳ ಉದ್ಯೋಗ. ಬಿಡುವಿನ ಭಾನುವಾರಗಳಲ್ಲಿ ಘಟ್ಟ ಹತ್ತಿ ಹೋಗಿ ರೇಸ್ ಟ್ರ್ಯಾಕಿನಲ್ಲಿ ತನ್ನ ಕಾರನ್ನು ಓಡಿಸುವುದು ಅವಳ ಹುಚ್ಚು.

“ಅಂಕಲ್, ಮುಂದಿನ ಎರಡೂ ರೋಟರ್ ಬದಲಿಸ್ಬೇಕು. ಪ್ಯಾಡೂ.”

ಲ್ಯಾನ್ಸಿ ತೂತಿನ ರೋಟರನ್ನು ಎತ್ತಿ ಹಿಡಿದರು. “ಇದು ತಕ್ಕೊ. ಚಕ್ರದ ಎಡೆಯಲ್ಲಿ ಕಂಡ್ರೆ ಜನ ತಿರುಗಿ ನೋಡ್ಬೇಕು.”

“ಜನ ನೋಡುದು ಬೇಡ, ಕಾರು ನಿಂತ್ರೆ ಸಾಕು. ಟ್ರ್ಯಾಕಿನಲ್ಲಿ ಕಾದು ಕಾದು ಆ ತೂತಿನಿಂದಲೇ ಬಿರುಕು ಬಿಡುದು ನಾನು ನೋಡಿದ್ದೇನೆ. ನಂಗೆ ಆ ಬೋಳು ತಟ್ಟೆ ಕೊಡಿ.”

ಬೋಳು ತಟ್ಟೆ! ಅವಮಾನವೋ ಸನ್ಮಾನವೋ ತಿಳಿಯುವ ಮೊದಲೇ ನಾನು ಕಪಾಟಿನಿಂದ ಕೆಳಗಿಳಿದಿದ್ದೆ.

ಪ್ಯಾಡ್‌ಗಳ ಆಯ್ಕೆ ಇನ್ನೂ ಬಿಕ್ಕಟ್ಟಿನದಾಯಿತು. ರಸ್ತೆಯ ಪ್ಯಾಡ್ ತಣ್ಣಗಿರುವಾಗ ಮೊದಲ ಒತ್ತಿಗೇ ಹಿಡಿಯುತ್ತದೆ. ಟ್ರ್ಯಾಕಿನ ಕಾವು ಏರಿದಂತೆ ಜಾರತೊಡಗುತ್ತದೆ. ರೇಸಿನ ಪ್ಯಾಡ್ ಕಾವಿನಲ್ಲಿ ಬಿಗಿ. ಆದರೆ ಬೆಳಗಿನ ತಂಪಿನಲ್ಲಿ ಅದು ಎಚ್ಚರವಾಗುವಷ್ಟರಲ್ಲಿ ಕಾರು ಎದುರಿನ ವಾಹನವನ್ನು ಮುಟ್ಟಿರುತ್ತದೆ.

“ಬೆಳಿಗ್ಗೆ ಅಪ್ಪನನ್ನು ಕೂರಿಸ್ಕೊಂಡು ಹೊರಟ್ರೆ ಮೊದಲ ಒತ್ತಿಗೇ ಹಿಡೀಬೇಕು. ಟ್ರ್ಯಾಕಿನಲ್ಲಿ ಕೊನೆಯ ಸುತ್ತಿನಲ್ಲೂ ಬಿಡ್ಬಾರ್ದು,” ಎಂದಳು ಅಶ್ವಿತಾ.

“ಅಳಿಯ ಮಿಲಿಟ್ರಿಯವನೇ ಆಗ್ಬೇಕು, ದಿನಾ ಊಟಕ್ಕೆ ಮನೆಗೂ ಬರ್ಬೇಕು ಅಂದ ಹಾಗಾಯ್ತಲ್ಲ ನಿಂದು!”

ಕೊನೆಗೆ ಎರಡರ ನಡುವಿನ ಒಂದು ಜಾತಿಯ ಪ್ಯಾಡನ್ನು ಲ್ಯಾನ್ಸಿ ಹುಡುಕಿಕೊಟ್ಟರು. “ಸ್ವಲ್ಪ ಕಿರುಚ್ತದೆ, ಮತ್ತೆ ನನ್ನನ್ನು ಬೈಬೇಡ.”

“ಕಿರುಚ್ಲಿ. ನಮ್ಮ ಮನೆಯಲ್ಲಿ ಅಪ್ಪನ ಗರಗಸ ಉಂಟಲ್ಲ, ಅಭ್ಯಾಸ ಆಗಿದೆ.”

ಹೀಗೆ ನಾನು ಅವಳ ಕಾರಿನ ಮುಂದಿನ ಎಡಚಕ್ರವನ್ನು ಸೇರಿದೆ. ನನ್ನ ಜೊತೆಗಾರ ಬಲಚಕ್ರವನ್ನು.

ಮನೆಗೆ ತಲುಪಿದ ಸಂಜೆಯೇ ನನ್ನ ಹಣೆಬರಹ ನಿರ್ಧಾರವಾಯಿತು. ಅಶ್ವಿತಾಳ ತಂದೆ ವಾಮನಾಚಾರ್ಯರು ಮರಗೆಲಸದವರು. ಮನೆಗಿದ್ದುದು ಅದೊಂದೇ ಕಾರು. ಹತ್ಯಾರಗಳ ಪೆಟ್ಟಿಗೆಯನ್ನು ಹಿಂದಿಟ್ಟು, ತಾವು ಮುಂದೆ ಕುಳಿತು, ಮಗಳೊಂದಿಗೇ ಅವರು ಕೆಲಸದ ಸ್ಥಳಕ್ಕೆ ಹೋಗುತ್ತಿದ್ದರು. ಅವರು ಕಾರನ್ನು ಒಂದು ಸುತ್ತು ಬಂದು ನನ್ನೆದುರು ನಿಂತರು.

“ರೇಸಿಗೆ ಅಂತ ಎಂತೆಂತದೋ ಹಾಕ್ಸಿದ್ದಿ. ಒಂದು ದಿನ ಇದರ ಬ್ರೇಕ್ ತಪ್ಪಿದ್ರೆ ನಿನ್ನ ರೇಸು ಆವತ್ತಿಗೇ ಬಂದ್. ಮತ್ತೆ ಅಳ್ಲಿಕ್ಕಿಲ್ಲ.”

“ಆಯ್ತಪ್ಪ. ತಪ್ಪಿದ್ರೆ ಬಂದ್.”

ಅಶ್ವಿತಾ ನಗುತ್ತಲೇ ಮಾತು ಕೊಟ್ಟಳು. ನಾನು ನಗಲಿಲ್ಲ. ಆ ಕ್ಷಣದಿಂದ ಅವಳ ಓಟವೆಲ್ಲ ನಮ್ಮಿಬ್ಬರ ಹಿಡಿತದ ಮೇಲೆ ನಿಂತಿತ್ತು.

ನಾವು ತಪ್ಪಲಿಲ್ಲ. ವಾರವಿಡೀ ಬಸ್ಸು, ಆಟೋ, ಅಡ್ಡ ಬರುವ ದನಗಳ ನಡುವೆ ಮೆತ್ತಗೆ ನಿಲ್ಲಿಸಿದೆವು; ಟ್ರ್ಯಾಕಿನಲ್ಲಿ ಬೂದಿ ಬಣ್ಣಕ್ಕೆ ತಿರುಗುವಷ್ಟು ಕಾದರೂ ಹಿಡಿದೆವು. ಎರಡು ಮಳೆಗಾಲಗಳು ಹಾಗೆಯೇ ಕಳೆದವು. ಮೂರನೆಯ ವರ್ಷದ ಆಯುಧಪೂಜೆ ಬಂತು.

ಅಂದು ವಾಮನಾಚಾರ್ಯರ ಮನೆಯಲ್ಲಿ ಉಳಿ, ಗರಗಸ, ಉಜ್ಜುಗೊರಡುಗಳೆಲ್ಲ ಮಣೆಯ ಮೇಲೆ ಸಾಲಾಗಿ ಕುಳಿತವು. ಕಾರನ್ನೂ ತೊಳೆದು ಗೊಂಡೆಹೂವಿನ ಮಾಲೆ ಹಾಕಿದರು. ನೀರು ಬಿದ್ದ ಎರಕದ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ತೆಳ್ಳಗೆ ತುಕ್ಕು ಹೊದೆಯುತ್ತದೆ. ಅದು ನಮ್ಮ ಕುಲದ ಸ್ವಭಾವ. ಮೊದಲ ಬ್ರೇಕಿಗೇ ಪ್ಯಾಡ್ ಅದನ್ನು ಒರೆಸಿಬಿಡುತ್ತದೆ. ಆದರೆ ಆ ಸಂಗತಿ ವಾಮನಾಚಾರ್ಯರಿಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ಯಾರಗಳಿಗೆ ಎಣ್ಣೆ ಸವರುತ್ತ ಕುಳಿತಿದ್ದ ಅವರ ದೃಷ್ಟಿ ನನ್ನ ಮೇಲೆ ಬಿತ್ತು. ಹಬ್ಬದ ಮರುದಿನವೇ ಕೆಂಪು ತುಕ್ಕು! ಅವರ ಮುಖ ಸಣ್ಣದಾಯಿತು. ತೆಂಗಿನೆಣ್ಣೆಯ ಬಟ್ಟೆಯನ್ನು ಹಿಡಿದು ಬಂದು, ಚಕ್ರದ ಎಡೆಯಲ್ಲಿ ಬೆರಳು ತೂರಿಸಿ, ನನ್ನ ಮುಖವನ್ನು ಮಗುವಿನ ಕೆನ್ನೆಯಂತೆ ನಯವಾಗಿ ಒರೆಸಿದರು. ಬಲಗಡೆಯ ಚಕ್ರ ಗೋಡೆಗೆ ಒತ್ತಿಕೊಂಡಿದ್ದರಿಂದ ಜೊತೆಗಾರ ಪಾರಾದ. ಆ ಹಿರಿಯರು ಮೊದಲ ಬಾರಿಗೆ ನನ್ನನ್ನು ತಮ್ಮ ಉಳಿ ಗರಗಸಗಳ ಸಾಲಿಗೆ ಸೇರಿಸಿದ್ದರು. ಇದಕ್ಕಿಂತ ದೊಡ್ಡ ಗೌರವ ನನಗೆ ದೊರೆತಿರಲಿಲ್ಲ. ಇದಕ್ಕಿಂತ ದೊಡ್ಡ ಅಪಾಯವೂ.

ಬಾಯಿದ್ದರೆ ಕೂಗಿಕೊಳ್ಳುತ್ತಿದ್ದೆ.

ಹೊರಡುವ ಹೊತ್ತಾಯಿತು. ಅಶ್ವಿತಾ ಸ್ಟೇರಿಂಗ್ ಹಿಡಿದಳು. ತಂದೆ ಪಕ್ಕದಲ್ಲಿ ಕುಳಿತರು. ಮನೆಯಿಂದ ಹೆದ್ದಾರಿಗೆ ಇಳಿಜಾರಿನ ಓಣಿ. ಕಾರು ವೇಗ ಪಡೆಯಿತು. ಓಣಿಯ ಬಾಯಲ್ಲಿ ಬಸ್ಸೊಂದರ ಹಾರನ್ ಕೇಳಿಸಿತು. ಅವಳು ಪೆಡಲ್ ಒತ್ತಿದಳು. ಬಲಗಡೆ ಜೊತೆಗಾರ ಗಟ್ಟಿಯಾಗಿ ಹಿಡಿದ. ಎಡಗಡೆ ಪ್ಯಾಡ್‌ಗಳು ನನ್ನನ್ನು ಹಿಡಿದವು, ಜಾರಿದವು, ಮತ್ತೆ ಹಿಡಿಯಲು ಹೋಗಿ ಮತ್ತೆ ಜಾರಿದವು. ಕಾರಿನ ಮೂತಿ ಬಲಕ್ಕೆ ತಿರುಗಿತು. ಎದುರಿನಿಂದ ಹಾಲಿನ ವ್ಯಾನು ಏರಿ ಬರುತ್ತಿತ್ತು!

ಅಶ್ವಿತಾ ಕಿರುಚಲಿಲ್ಲ. ಪೆಡಲನ್ನು ತುಸು ಸಡಿಲಿಸಿ ಸ್ಟೇರಿಂಗನ್ನು ಎಡಕ್ಕೆಳೆದಳು, ಗೇರು ಇಳಿಸಿದಳು, ಹ್ಯಾಂಡ್‌ಬ್ರೇಕನ್ನು ಮೆಲ್ಲಮೆಲ್ಲನೆ ಎತ್ತಿದಳು. ವ್ಯಾನು ಕನ್ನಡಿಯನ್ನು ಸವರಿಕೊಂಡು ಹೋಯಿತು. ಕಾರು ಮುರಕಲ್ಲಿನ ಗೋಡೆಗೆ ಮೂಗು ತಾಗಿಸಿ ನಿಂತಿತು. ಹಿಂದೆ ಹತ್ಯಾರಗಳ ಪೆಟ್ಟಿಗೆ ಮಗುಚಿ ಬಿದ್ದ ಸದ್ದಾಯಿತು.

“ಬ್ರೇಕ್ ತಪ್ಪಿತಲ್ಲ,” ಎಂದರು ವಾಮನಾಚಾರ್ಯರು.

“ಹೌದಪ್ಪ.”

“ಮಾತು ನೆನಪುಂಟಲ್ಲ?”

“ಉಂಟು.”

ಕಾರನ್ನು ಹಗ್ಗ ಕಟ್ಟಿ ಲ್ಯಾನ್ಸಿಯ ಗ್ಯಾರೇಜಿಗೆ ಎಳೆದು ತಂದರು. ಆ ಭಾನುವಾರ ಟ್ರ್ಯಾಕಿನಲ್ಲಿ ಸ್ಪರ್ಧೆಯಿತ್ತು. ಅಶ್ವಿತಾ ಗೋಡೆಗೆ ಒರಗಿ ನಿಂತಳು.

“ಭಾನುವಾರದ ಹೆಸರು ತೆಗೆಸ್ತೇನೆ ಅಂಕಲ್. ಇನ್ನು ಮುಂದಿನದ್ದೂ. ಮನೆಗೂ ಟ್ರ್ಯಾಕಿಗೂ ಒಂದೇ ಪ್ಯಾಡ್ ಸಾಕು ಅಂದದ್ದು ನಾನಲ್ವಾ? ನಂದೇ ಅಹಂಕಾರ.”

“ಪ್ಯಾಡ್ ಹೀಗೆ ಒಂದೇ ಬದಿಗೆ ಕೈ ಕೊಡುದಿಲ್ಲ ಮಾರಾಯ್ತಿ. ಗ್ರೀಸೋ ಎಣ್ಣೆಯೋ ಎಲ್ಲಿಂದಾದ್ರೂ ಬಂದಿರ್ಬೇಕು. ಪ್ಯಾಡಿಗೆ ಎಣ್ಣೆ ತಾಗಿದ್ರೆ ಅದರ ಕತೆ ಮುಗೀತು,” ಎನ್ನುತ್ತ ಲ್ಯಾನ್ಸಿ ಚಕ್ರಕ್ಕೆ ಸ್ಪ್ಯಾನರ್ ಹಾಕಿದರು.

ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ವಾಮನಾಚಾರ್ಯರ ಲೋಟ ತುಟಿಯ ಬಳಿಯೇ ನಿಂತಿತು.

ಸತ್ಯವನ್ನು ಆಗ ಬಲ್ಲವರು ಇಬ್ಬರೇ: ಅವರು ಮತ್ತು ನಾನು. ನಾನು ಮೂಕ. ಅವರು ಸುಮ್ಮನಿದ್ದರೆ ಸಾಕಿತ್ತು. ಯಾವುದೋ ಗ್ರೀಸಿನ ತಪ್ಪೆಂದು ಎಲ್ಲರೂ ಒಪ್ಪುತ್ತಿದ್ದರು. ವರ್ಷಗಳಿಂದ ಅವರು ಬಯಸಿದ್ದು ತಾನಾಗಿಯೇ ಕೈಗೂಡಿತ್ತು. ಮಗಳ ರೇಸು ನಿಂತಿತ್ತು. ಒಂದು ನಟ್ ಕಳಚಿತು. ಇನ್ನೊಂದು ಸಡಿಲವಾಯಿತು.

“ಲ್ಯಾನ್ಸಿ, ನಿಲ್ಲಿಸು. ಎಣ್ಣೆ ಹಾಕಿದ್ದು ನಾನು.”

“ಎಂತ?”

“ತುಕ್ಕು ಹಿಡಿದಿತ್ತು. ಉಳಿಗೆ ಸವರಿದ ಹಾಗೆ ಅದಕ್ಕೂ ಸವರಿದೆ. ತೆಂಗಿನೆಣ್ಣೆ.”

ಲ್ಯಾನ್ಸಿ ಸ್ಪ್ಯಾನರನ್ನು ಕೆಳಗಿಟ್ಟು ಅವರನ್ನೇ ನೋಡಿದರು. “ಆಚಾರ್ರೇ, ಎಣ್ಣೆ ಹಾಕಿದ ಮೇಲೆ ಸಾಸಿವೆ, ಕರಿಬೇವು ಯಾಕೆ ಬಿಟ್ಟದ್ದು?”

ಅಶ್ವಿತಾಳಿಗೆ ನಗು ಉಕ್ಕಿತು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು.

“ನಗ್ಬೇಡಿ. ಕೆಲಸದ ಸಾಮಾನಿಗೆ ಎಣ್ಣೆ ಹಾಕ್ದೆ ಹಬ್ಬ ಮುಗೀತದಾ?” ಎಂದು ಗದರಿದ ವಾಮನಾಚಾರ್ಯರು ಲೋಟವನ್ನು ಕೆಳಗಿಟ್ಟರು. “ಬ್ರೇಕ್ ತಪ್ಪಿದ್ದಲ್ಲ ಮಗಾ. ನಾನು ತಪ್ಪಿಸಿದ್ದು. ಭಾನುವಾರ ನೀನು ಹೋಗ್ಬೇಕು. ನಾನೂ ಬರ್ತೇನೆ.”

ಎಣ್ಣೆ ಹೀರಿದ ಪ್ಯಾಡ್‌ಗಳು ಕಸದ ಡಬ್ಬಿಗೆ ಬಿದ್ದವು. ಮುಂದಿನ ಸರದಿ ನನ್ನದೇ ಎಂದುಕೊಂಡೆ.

“ಇದನ್ನೂ ಬಿಸಾಡುದಾ? ಆ ತೂತಿನದ್ದು ಇನ್ನೂ ಕಪಾಟಿನಲ್ಲಿ ಉಂಟು,” ಎಂದರು ಲ್ಯಾನ್ಸಿ.

ಅಶ್ವಿತಾ ನನ್ನ ಮುಖದ ಮೇಲೆ ಬೆರಳಾಡಿಸಿದಳು. “ಪ್ಯಾಡ್ ಎಣ್ಣೆ ಕುಡೀತದೆ ಅಂಕಲ್, ಕಬ್ಬಿಣ ಕುಡಿಯುದಿಲ್ಲ. ತೊಳೀರಿ.”

ಜಿಡ್ಡು ತೆಗೆಯುವ ದ್ರವದಿಂದ ಲ್ಯಾನ್ಸಿ ನನ್ನನ್ನು ಮತ್ತೆ ಮತ್ತೆ ತೊಳೆದರು. ಬಳಿಕ ವಾಮನಾಚಾರ್ಯರು ಅವರನ್ನು ಪಕ್ಕಕ್ಕೆ ಸರಿಸಿ, ಉಪ್ಪುಕಾಗದ ಹಿಡಿದು ತಾವೇ ಕುಳಿತರು. ತೇಗದ ಬಾಗಿಲನ್ನು ಉಜ್ಜುವ ಆ ಕೈ ನನ್ನ ಎರಡೂ ಮುಖಗಳನ್ನು ಒಂದೇ ಸಮನೆ ಉಜ್ಜಿತು. ಎರಡೂ ಚಕ್ರಗಳಿಗೆ ಅದೇ ಜಾತಿಯ ಹೊಸ ಪ್ಯಾಡ್‌ಗಳು ಬಂದವು. ಜನರಿಲ್ಲದ ರಸ್ತೆಯಲ್ಲಿ ಅಶ್ವಿತಾ ವೇಗ ಏರಿಸಿ, ಗಟ್ಟಿಯಾಗಿ ಬ್ರೇಕ್ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸಿದಳು. ಹೀಗೆ ಹಲವು ಸಲ ಕಾದ ಮೇಲೆ ಪ್ಯಾಡಿನ ತೆಳುವಾದ ಪದರವೊಂದು ನನ್ನ ಮೈಗೆ ಸಮನಾಗಿ ಹತ್ತಿಕೊಂಡಿತು. ಆಮೇಲೆ ಬ್ರೇಕನ್ನು ಮುಟ್ಟದೆ ನಿಧಾನವಾಗಿ ಓಡಿಸಿ ನಮ್ಮನ್ನು ತಣಿಸಿದಳು.

“ಹದ ಮಾಡುದು ಅನ್ನು,” ಎಂದರು ಪಕ್ಕದಲ್ಲಿದ್ದ ತಂದೆ. “ಹಸಿ ಮರಕ್ಕೂ ಹೀಗೇ ತಾಳ್ಮೆ ಬೇಕು.”

ಭಾನುವಾರ ವಾಮನಾಚಾರ್ಯರು ಟ್ರ್ಯಾಕಿನ ತಂತಿಬೇಲಿಗೆ ಆತು ನಿಂತಿದ್ದರು. ಸುತ್ತು ಸುತ್ತಿಗೂ ನನ್ನ ಕಾವು ಏರಿತು. ಉದ್ದನೆಯ ನೇರದಾರಿ ಮುಗಿಯುವಲ್ಲಿ ಒಂದು ಕಡಿದಾದ ತಿರುವು. ಅಲ್ಲಿ ಉಳಿದವರು ಬೇಗನೆ ಬ್ರೇಕ್ ಒತ್ತಿದರೆ ಅಶ್ವಿತಾ ಇನ್ನೂ ಮುಂದೆ ಹೋಗಿ ಒತ್ತುತ್ತಿದ್ದಳು. ನಮ್ಮ ಮುಂದಿದ್ದ ನೀಲಿ ಕಾರು ಹಠಾತ್ತನೆ ಅದುರುತ್ತ ಪಕ್ಕಕ್ಕೆ ಸರಿಯಿತು. ಅದರ ಚಕ್ರದಲ್ಲಿದ್ದುದು ತೂತಿನ ರೋಟರ್, ತೂತಿನಿಂದ ತೂತಿಗೆ ಬಿರುಕು. ಕೊನೆಯ ಸುತ್ತು ಬಂತು. ಅದೇ ತಿರುವು. ಅವಳು ಇನ್ನೂ ಒತ್ತಲಿಲ್ಲ. ಇನ್ನೂ ಇಲ್ಲ. ಬೇಲಿಯ ಬಳಿ ವಾಮನಾಚಾರ್ಯರು ಕಣ್ಣು ಮುಚ್ಚಿಕೊಂಡರು. ಒತ್ತಿದಳು!

ಹಿಡಿದೆವು. ಎಡ ಬಲ ಒಂದೇ ಸಮನೆ, ಕೂದಲೆಳೆಯಷ್ಟೂ ವಾಲದೆ. ನನ್ನ ಮೈ ಕೆಂಡದಂತೆ ಕೆಂಪಾಗಿತ್ತು; ಕಾರು ತಿರುವಿನೊಳಗೆ ದಾರ ಪೋಣಿಸಿದಷ್ಟು ಸಲೀಸಾಗಿ ನುಸುಳಿತು. ಅವಳಿಗೆ ಎರಡನೆಯ ಸ್ಥಾನ ದೊರೆಯಿತು. ಅಂದು ನನ್ನ ಮಟ್ಟಿಗೆ ಅದು ಮೊದಲನೆಯದೇ ಆಗಿತ್ತು. ಆ ಸಂಜೆ ಅದೇ ಪ್ಯಾಡ್‌ಗಳೊಂದಿಗೆ ಘಟ್ಟ ಇಳಿದು ಮನೆಗೆ ಮರಳಿದೆವು. ತಿರುವಿನ ಮೇಲೆ ತಿರುವು. ವಾಮನಾಚಾರ್ಯರು ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಈಗ ನಾನು ಮುದಿಯಾಗಿದ್ದೇನೆ. ಹಿಡಿದು ಹಿಡಿದು ಸವೆದು, ಇನ್ನು ಬಳಸಬಾರದೆಂಬಷ್ಟು ತೆಳ್ಳಗಾದಾಗ ಲ್ಯಾನ್ಸಿ ನನ್ನನ್ನು ಕಳಚಿದರು. ಗುಜರಿಯ ರಾಶಿಯಿಂದ ನನ್ನನ್ನು ಎತ್ತಿ ತಂದವರು ವಾಮನಾಚಾರ್ಯರು. ಅವರ ಕೆಲಸದ ಕೊಟ್ಟಿಗೆಯಲ್ಲಿ, ಅಂಟು ಹಾಕಿದ ಹಲಗೆಗಳು ಅಲುಗದಂತೆ ಅವುಗಳ ಮೇಲೆ ಕೂರುವುದು ನನ್ನ ಈಗಿನ ಉದ್ಯೋಗ. ಅಶ್ವಿತಾ ಈಗಲೂ ಭಾನುವಾರಗಳಂದು ಘಟ್ಟ ಹತ್ತುತ್ತಾಳೆ. ಅವಳ ಎಡಚಕ್ರದಲ್ಲಿ ಇನ್ನೊಂದು ಬೋಳು ತಟ್ಟೆಯಿದೆ, ನನ್ನದೇ ಕುಲದ್ದು. ತಿರುಗಾಟ ನಿಂತಿತೆಂಬ ಕೊರಗು ನನಗಿಲ್ಲ. ನನ್ನ ಜನ್ಮವೇ ನಿಲ್ಲಿಸುವುದಕ್ಕಾಗಿ ಆದದ್ದು.

ಮೊನ್ನೆ ಕಿಟಕಿ ಮಾಡಿಸಲು ಬಂದ ಗಿರಾಕಿಯೊಬ್ಬರು ನನ್ನನ್ನು ಎತ್ತಿ ನೋಡಿ, “ಈ ಗುಜರಿ ಎಂತಕ್ಕೆ ಇಟ್ಕೊಂಡದ್ದು ಆಚಾರ್ರೇ?” ಎಂದು ಕೇಳಿದರು.

ವಾಮನಾಚಾರ್ಯರು ಉಳಿಯನ್ನು ಕೆಳಗಿಟ್ಟು ಎದ್ದು ಬಂದರು.

“ಗುಜರಿಯಾ? ನನ್ನ ಮಗಳು ಹೋಗುವ ಸ್ಪೀಡಿಗೆ ನೀವಾದ್ರೆ ದೇವರನ್ನು ಕರೀತೀರಿ. ಆ ಸ್ಪೀಡನ್ನು ಹಿಡಿದು ನಿಲ್ಲಿಸಿದ್ದು ಇದು. ಇಡಿ ಅಲ್ಲೇ, ಅಂಟು ಒಣಗ್ಲಿಕ್ಕುಂಟು.”